ಎಮ್ಮೆ ಮಾತ್ರ ಚೆನ್ನಾಗಿ ಬಿದ್ದ ಫೋಟೊ

ನಮ್ಮ ಹಜಾರದ ಗೋಡೆಯ ಫೋಟೊ ನೋಡಿದವರೆಲ್ಲ ಮೊದಲು ಹೊಗಳುವುದು ಎಮ್ಮೆಯನ್ನು. ಕೊಂಬಿನ ಗೀರು, ಕಿವಿಯ ಕೂದಲು, ಮೂಗಿನ ಮೇಲೆ ಕೂತ ನೊಣ, ಎಲ್ಲವೂ ಅಷ್ಟು ಸ್ಪಷ್ಟ. ಹಗ್ಗ ಹಿಡಿದು ನಿಂತವಳು ನನ್ನ ಓರಗಿತ್ತಿ. ಅವಳ ಮುಖದ ಸಿಡುಕಿಗೂ ಕುಂದಿಲ್ಲ. ಹಿಂದೆ ಕಬ್ಬಿಣದ ಗಾಲಿಯ ಹಳೆಯ ಟ್ರ್ಯಾಕ್ಟರ್. ಅದರ ಸೀಟಿನ ಮೇಲೆ ಮಸಿಬಟ್ಟೆಯಿಂದ ಒರೆಸಿದಂತಿರುವ ಒಂದು ಆಕಾರ.

"ಅಜ್ಜಿ, ಆ ಹೊಗೆ ಯಾರು?" ಎಂದು ಮೊಮ್ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು.

"ಅದು ಹೊಗೆಯಲ್ಲ ಕಣೇ, ನಿಮ್ಮ ತಾತ."

ನಮ್ಮ ಯಜಮಾನರೂ ಅವರ ಅಣ್ಣನೂ ಸೇರಿ ಯಾರೋ ಬೇಡವೆಂದು ಬಿಟ್ಟ ಆ ಗಾಡಿಯನ್ನು ಕೊಂಡು, ಸುತ್ತಲಿನವರ ಹೊಲ ಉತ್ತುಕೊಟ್ಟು ಬದುಕುತ್ತಿದ್ದರು. ಗಾಡಿ ಒಳ್ಳೆಯದೇ, ಶುರುವಾಗುವುದಕ್ಕೆ ಮಾತ್ರ ಮಹಾ ಹಟಮಾರಿ. ಮುಂದೆ ಹ್ಯಾಂಡಲ್ ಸಿಕ್ಕಿಸಿ, ಒಬ್ಬರಾದ ಮೇಲೊಬ್ಬರು ತಿರುಗಿಸಿ, ಎಲ್ಲರ ರಟ್ಟೆಯೂ ಸೋತ ಮೇಲೆ ಪಾಪ ಎನಿಸಿ ಒಮ್ಮೆ ಕೆಮ್ಮುತ್ತಿತ್ತು. ಅದಕ್ಕೇ ಆ ಮನೆಯಲ್ಲಿ ಅಣ್ಣನದೊಂದು ಕಟ್ಟಳೆ: ಬೆಳಿಗ್ಗೆ ಶುರುವಾದ ಇಂಜಿನ್ನನ್ನು ಸಂಜೆಯವರೆಗೆ ಆರಿಸುವಂತಿಲ್ಲ. ಊಟದ ಹೊತ್ತಿನಲ್ಲೂ ಅದು ಅಡುಗೆಮನೆಯ ಗೋಡೆಗಂಟಿಕೊಂಡು ಗುಡುಗುಡು ಎನ್ನುತ್ತಿರುತ್ತಿತ್ತು. ಒಳಗೆ ಪಾತ್ರೆಗಳು ತಮ್ಮಷ್ಟಕ್ಕೆ ತಾವೇ ಹಲಗೆಯ ಅಂಚಿಗೆ ನಡೆದು ಬರುತ್ತಿದ್ದವು.

ನನಗೆ ಗಂಡು ನೋಡುತ್ತಿದ್ದ ಕಾಲ ಅದು. ಹುಡುಗನ ಫೋಟೊ ಕಳಿಸಿ ಎಂದು ನಮ್ಮಪ್ಪ ಹೇಳಿಕಳಿಸಿದ್ದರು. ಪೇಟೆಯಿಂದ ಬಂದ ಫೋಟೊದವನು ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು, ಕರಿಬಟ್ಟೆಯೊಳಗೆ ತಲೆ ತೂರಿಸಿ, "ಇಂಜಿನ್ ಆರಿಸಿ ಸ್ವಾಮಿ, ನೀವು ಅಲುಗಾಡ್ತಾ ಇದ್ದೀರಿ," ಎಂದನಂತೆ.

"ಆರಿಸಿದ್ರೆ ಆಮೇಲೆ ಹ್ಯಾಂಡಲ್ ನೀನು ತಿರುಗಿಸ್ತೀಯಾ?"

ಫೋಟೊದವನು ತನ್ನ ಕಡ್ಡಿಯಂಥ ತೋಳು ನೋಡಿಕೊಂಡ. "ಹಾಗಾದ್ರೆ ಉಸಿರು ಬಿಗಿ ಹಿಡಿದು ಕೂತ್ಕೊಳ್ಳಿ."

ಇವರು ಉಸಿರು ಬಿಗಿ ಹಿಡಿದರು. ಗಾಡಿ ಹಿಡಿಯಲಿಲ್ಲ.

ಫೋಟೊ ನಮ್ಮ ಮನೆಗೆ ಬಂತು. ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು, ತೆಗೆದಿಟ್ಟು ನೋಡಿದರು. "ಎಮ್ಮೆ ಲಕ್ಷಣವಾಗಿದೆ," ಎಂದರು.

"ಎಮ್ಮೆಗೆ ಕೊಡ್ತೀರಾ ಮಗಳನ್ನ?" ಎಂದಳು ಅಮ್ಮ.

ಅಮ್ಮನ ತಮ್ಮ, ನನ್ನ ಸೋದರಮಾವ, ಫೋಟೊ ಕಿತ್ತುಕೊಂಡರು. ಬಂದ ಸಂಬಂಧದಲ್ಲೆಲ್ಲ ಹುಳುಕು ಹುಡುಕುವುದು ಅವರು ತಾವಾಗಿ ಮೈಮೇಲೆ ಹಾಕಿಕೊಂಡ ಕೆಲಸ. "ಭಾವ, ಸರಿಯಾಗಿ ನೋಡಿ. ಎಮ್ಮೆ ನೆಟ್ಟಗಿದೆ, ಆ ಹೆಂಗಸು ನೆಟ್ಟಗಿದ್ದಾಳೆ, ಇವನೊಬ್ಬನೇ ಅಲ್ಲಾಡಿದ್ದಾನೆ. ಇದು ನಡುಕದ ಕಾಯಿಲೆ."

ಆ ಮುಖವಿಲ್ಲದ ಮನುಷ್ಯ ಸ್ಟಿಯರಿಂಗ್ ಹಿಡಿದು ಕೂತ ಠೀವಿ ನನಗಾಗಲೇ ಹಿಡಿಸಿಬಿಟ್ಟಿತ್ತು. ಬಟ್ಟೆ ಅಂಗಡಿಯವನದೊಂದು ಸಂಬಂಧವೂ ಬಂದಿತ್ತು. ಅವನ ಫೋಟೊದಲ್ಲಿ ಮುಖ ಸ್ಪಷ್ಟವಾಗಿತ್ತು, ಅದೇ ತೊಂದರೆ.

ಹುಡುಗ ಮನೆಗೆ ಬರಲಿ, ಕೈಗೆ ತುಂಬಿದ ಲೋಟ ಕೊಡೋಣ, ಚೆಲ್ಲಿದರೆ ಬಟ್ಟೆ ಅಂಗಡಿಯೇ ಗತಿ ಎಂದು ಮಾವ ತೀರ್ಮಾನ ಮಾಡಿದರು. ಅಪ್ಪ ತಲೆಯಾಡಿಸಿದರು.

ಇವರು ಬಂದದ್ದು ಟ್ರ್ಯಾಕ್ಟರಿನಲ್ಲೇ. ಅದನ್ನು ಆರಿಸದೆ ನಮ್ಮ ಕಿಟಕಿಯ ಕೆಳಗೆ ನಿಲ್ಲಿಸಿ, ಒಳಗೆ ಬಂದು ಕೂತರು. ಬಾಗಿಲ ಸಂದಿಯಿಂದ ಇಣುಕಿದೆ. ಮುಖವಿತ್ತು, ಅದರಲ್ಲಿ ಮೂಗು ಒಂದೇ ಇತ್ತು. ನೆಮ್ಮದಿಯಾಯಿತು.

ಮಾವ ಖುದ್ದಾಗಿ ಅಡುಗೆಮನೆಗೆ ಬಂದು ಲೋಟದ ಅಂಚಿನವರೆಗೆ ಚಹಾ ಸುರಿದರು. ನಾನು ಉಸಿರಾಡದೆ ತಂದುಕೊಟ್ಟೆ. ಅಷ್ಟು ದೂರ ಆ ಸ್ಟಿಯರಿಂಗ್ ಹಿಡಿದು ಬಂದ ಕೈ. ಲೋಟ ಮುಟ್ಟಿದ್ದೇ ತಡ, ಚಹಾ ಕುಣಿಯತೊಡಗಿತು. ಅವರ ಮಂಡಿ ಮೇಲೆ ಬಿತ್ತು, ಅಂಗಿ ಮೇಲೆ ಬಿತ್ತು, ಉಳಿದದ್ದು ಮಾವನ ಪಾದದ ಮೇಲೆ ಬಿತ್ತು. ಕಾಲು ಸುಟ್ಟರೂ ಮಾವನ ಮುಖ ಅರಳಿತು.

"ನೋಡಿದ್ರಾ ಭಾವ?"

ಇವರಿಗೆ ಒಂದೂ ತಿಳಿಯಲಿಲ್ಲ. "ಚಹಾ ಚೆನ್ನಾಗಿದೆ," ಎಂದರು. ಇನ್ನೂ ಒಂದು ಗುಟುಕೂ ಬಾಯಿಗೆ ಹೋಗಿರಲಿಲ್ಲ.

ಅಷ್ಟರಲ್ಲಿ ನನ್ನ ಕಣ್ಣಿಗೆ ಕಿಟಕಿಯ ಕಟ್ಟೆ ಬಿತ್ತು. "ಅಪ್ಪ, ನಿಮ್ಮ ಕನ್ನಡಕ ಹೊರಟಿತು," ಎಂದೆ.

ಅಪ್ಪ ಕಟ್ಟೆಯ ಮೇಲಿಟ್ಟಿದ್ದ ಕನ್ನಡಕ ತೆವಳುತ್ತ ತೆವಳುತ್ತ ಅಂಚಿಗೆ ಬಂದಿತ್ತು. ಅವರು ಅದನ್ನು ಹಿಡಿದುಕೊಂಡು, ಗೋಡೆಗೆ ಅಂಗೈ ಒತ್ತಿ ನೋಡಿದರು. "ಮನೆಗೇ ಬಂದಿದೆಯಲ್ಲೋ ನಿನ್ನ ನಡುಕದ ಕಾಯಿಲೆ."

ಮಾವ ಬಿಡುವ ಆಸಾಮಿಯೇ? "ಹಾಗಾದ್ರೆ ಆರಿಸಿ ಬರಲಿ. ಆಮೇಲೆ ಇನ್ನೊಂದು ಲೋಟ ಕೊಡೋಣ."

ಇವರು ಕಿಟಕಿ ನೋಡಿದರು, ನನ್ನ ಕಡೆ ನೋಡಿದರು. ಅಣ್ಣನ ಕಟ್ಟಳೆ ಆವತ್ತಿನವರೆಗೆ ಮುರಿದವರಲ್ಲ. ಎದ್ದು ಹೋಗಿ ಆರಿಸಿದರು. ಮನೆಯೆಲ್ಲ ಒಮ್ಮೆಗೇ ಸುಮ್ಮನಾಯಿತು. ಕೈಯ ಜುಮ್ಮು ಇಳಿಯಲಿ ಎಂದು ಎಲ್ಲರೂ ಅವರ ಬೆರಳುಗಳನ್ನೇ ನೋಡುತ್ತ ಕೂತೆವು. ಎರಡನೆಯ ಲೋಟದಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ.

"ಬರ್ತೀನಿ," ಎಂದು ಇವರು ಹ್ಯಾಂಡಲ್ ಎತ್ತಿಕೊಂಡಾಗ ಅಪ್ಪ ತಡೆದರು. "ನೀವು ಕೂತ್ಕೊಳ್ಳಿ. ಆರಿಸು ಅಂದವನು ತಿರುಗಿಸಲಿ."

ಮಾವ ತಿರುಗಿಸಿದರು. ಅವರು ಹೊರಗೆ ತಿರುಗಿಸುತ್ತಿದ್ದರು, ಒಳಗೆ ಮದುವೆಯ ಮಾತು ನಡೆಯುತ್ತಿತ್ತು. ಅಡ್ಡ ಬಾಯಿ ಹಾಕಲು ಯಾರೂ ಇಲ್ಲದ್ದರಿಂದ ಮಾತು ಬೇಗ ಮುಗಿಯಿತು. ಇಂಜಿನ್ ಇನ್ನೂ ಕೆಮ್ಮಿರಲಿಲ್ಲ. ಕೊನೆಗೆ ಅದು ಕೆಮ್ಮಿ ಹೊಗೆ ಬಿಟ್ಟಿತು. ಮಾವ ಒಳಗೆ ಬಂದು ಕುಸಿದು ಕೂತು, ಯಾರೋ ಕೊಟ್ಟ ನೀರಿನ ಲೋಟವನ್ನು ಎದೆಯ ಮೇಲೆಲ್ಲ ಚೆಲ್ಲಿಕೊಂಡರು.

"ಏನೋ, ನಿನಗೂ ಅಂಟಿತಾ?" ಎಂದಳು ಅಮ್ಮ.

ಇವರು ತೀರಿಕೊಂಡು ಬಹಳ ಕಾಲವಾಯಿತು. ಅವರದೆಂದು ಉಳಿದಿರುವುದು ಆ ಫೋಟೊ ಒಂದೇ. ಮದುವೆಯಲ್ಲಿ ಫೋಟೊದವನನ್ನು ಕರೆಯಲು ಮಾವ ಬಿಡಲಿಲ್ಲ. ಮೊನ್ನೆ ಮೊಮ್ಮಗಳು ಅದನ್ನು ಸ್ಟುಡಿಯೋಗೆ ಕೊಂಡೊಯ್ದಿದ್ದಳು. ಕಂಪ್ಯೂಟರಿನಲ್ಲಿ ಮುಖ ಸರಿಮಾಡಿ ಕೊಡುತ್ತಾರಂತೆ. "ನೋಡದೇ ಇರೋ ಮುಖಾನ ಸ್ಟುಡಿಯೋದವನು ಎಲ್ಲಿಂದ ತರ್ತಾನೆ? ಫೋಟೊ ಇದ್ದ ಹಾಗೇ ತಂದು ಗೋಡೆಗೆ ಹಾಕು," ಎಂದೆ.

ಹಾಕಿದ್ದಾಳೆ. ಪಕ್ಕದ ಹಿಟ್ಟಿನ ಗಿರಣಿ ಶುರುವಾದಾಗ ನಮ್ಮ ಗೋಡೆ ಅದುರುತ್ತದೆ, ಫೋಟೊವೂ ಕುಣಿಯುತ್ತದೆ. ಅಷ್ಟು ಹೊತ್ತು ಎಮ್ಮೆಗೂ ಮುಖವಿರುವುದಿಲ್ಲ.