ಕಿಸೆಯಲ್ಲಿದ್ದ ಫ್ಯೂಸು

ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದವನು ನಾನು. ಅದಕ್ಕೂ ಮೊದಲು ಮೋಟಾರು ರಿಪೇರಿ ಕಲಿಸಿದವರು ನಮ್ಮ ಕಾಕಾ. ಗೋಗಿ ಊರಿನ ಕಡೆ, ಕಾಲುವೆಯಿಂದ ಮೇಲಿನ ಹೊಲಗಳಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಅವರು ಆಪರೇಟರ್. ಅವರ ಮೊದಲ ಪಾಠ ಇದು: "ಫ್ಯೂಸ್ ಕಿತ್ತು ನಿನ್ನ ಕಿಸೇದಾಗ ಇಟ್ಕೋ. ಆಮ್ಯಾಲ ಪೆಟಿಗ್ಯಾಗ ಕೈ ಹಾಕು." ಕಿಸೆಯಲ್ಲಿದ್ದರೆ ಬೇರೆ ಯಾರೂ ತಿಳಿಯದೆ ಹಾಕಿ ನಮ್ಮ ಜೀವ ತೆಗೆಯಲಾರರು.

ಒಂದು ಬೆಳಿಗ್ಗೆ ಪಂಪು ಎರಡು ತಾಸು ನಿಂತಿತು. ವೋಲ್ಟೇಜ್ ಬಿದ್ದು ತಾನಾಗಿಯೇ ನಿಂತಿತೆಂದರು ಕಾಕಾ. ನೀರು ತಮ್ಮ ಕಡೆ ಹರಿಯಲೆಂಬ ಕಾಲುವೆಯ ಕೆಳಗಿನ ಊರಿನವರ ಮಾತು ಕೇಳಿ ಇವರೇ ಮೇನ್ ಬಂದ್ ಮಾಡಿದ್ದಾರೆ, ಕೆಲಸದಿಂದ ತೆಗೆಯುತ್ತೇನೆ ಎಂದರು ನೀರಿನ ಸಂಘದ ಅಧ್ಯಕ್ಷರು.

ನಾನು ನಡುವೆ ಹೋದೆ. ಪಂಪು ನಡೆಸುವ ಪೆಟ್ಟಿಗೆಯೊಳಗಿನ ಚಿಪ್ಪಿನಲ್ಲಿ ರಿಜಿಸ್ಟರ್ ಎಂಬ ಸಣ್ಣ ಸಣ್ಣ ಖಾನೆಗಳಿರುತ್ತವೆ. ಚಿಪ್ಪು ಕೊನೆಯ ಸಲ ಯಾಕೆ ಹೊಸದಾಗಿ ಶುರುವಾಯಿತು, ವೋಲ್ಟೇಜ್ ಕುಸಿದೋ, ಮೇನ್ ಬಂದಾಗಿ ಕರೆಂಟೇ ಕಡಿದೋ, ಅದನ್ನು ಒಂದು ಖಾನೆ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಓದುವ ಡಿಬಗ್ಗರ್ ಎಂಬ ಸಾಧನ, ಎಸ್ಸೆಸ್ಸೆಲ್ಸಿ ಆದ ಮೇಲೆ ಎಲೆಕ್ಟ್ರಾನಿಕ್ಸ್ ಕಲಿಯಲು ಕೊಂಡಿದ್ದು, ನನ್ನ ಹತ್ತಿರ ಇತ್ತು.

"ಅದು ಹೇಳಿದ್ದಕ್ಕ ಒಪ್ತೀರೇನ್ರಿ?" ಎಂದೆ.

"ಒಪ್ತೀನಪ. ಮಿಷನ್ನಿಗಿ ಯಾರೂ ಕಾಕಾ ಇಲ್ಲ," ಎಂದರು ಅಧ್ಯಕ್ಷರು.

ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಹೋದೆ. ಪೆಟ್ಟಿಗೆ ತೆರೆದೆ, ಫ್ಯೂಸ್ ಕಿತ್ತು ಕಿಸೆಗಿಟ್ಟೆ.

"ಶಾಣ್ಯಾ ಅದಿ. ಮರ್ತಿಲ್ಲ," ಎಂದರು ಕಾಕಾ.

ಡಿಬಗ್ಗರಿನ ನಾಲ್ಕು ವೈರು ಸಿಕ್ಕಿಸಿದೆ. ಚಿಪ್ಪಿಗೆ ಬೇಕಾದಷ್ಟು ಕರೆಂಟು ಅದೇ ಕೊಡುತ್ತದೆ. ಪರದೆಯ ಮೇಲೆ ಖಾನೆ ತೆರೆಯಿತು. ವೋಲ್ಟೇಜ್ ಕುಸಿದ ಗುರುತು ಸೊನ್ನೆ. ಕರೆಂಟು ಕಡಿದ ಗುರುತು ಒಂದು.

ಕಡಿದವನು ನಾನು, ಆಗಷ್ಟೇ, ಎಲ್ಲರ ಎದುರಿಗೆ. ಕರೆಂಟು ಹೋದರೆ ಹಳೆಯ ಗುರುತು ಅಳಿಸುತ್ತದೆಂಬ ಮಾತಿಗೆ ಆ ಚಿಪ್ಪಿನ ಪುಸ್ತಕದಲ್ಲಿ ನಾನೇ ಗೆರೆ ಎಳೆದಿದ್ದೆ. ಕೈಗೆ ಅದು ಗೊತ್ತಿರಲಿಲ್ಲ.

"ತಪ್ಪು ನಂದ್ರಿ. ಫ್ಯೂಸ್ ಕೀಳಬಾರದಿತ್ತು. ಇದು ಈಗಿಂದು ತೋರ್ಸಾಕತ್ತದ, ಮುಂಜಾನಿದ್ದಲ್ಲ."

"ಅದು ಹೇಳಿದ್ದು ಒಪ್ಪಬೇಕಂದಾವ ನೀನೇ ಅಲ್ಲೇನು?" ಅಧ್ಯಕ್ಷರು ನಕ್ಕರು. "ಸಾಲಿ ಕಲಿಯಾಕ ತಡ ಮಾಡ್ದಿ, ಸುಳ್ಳು ಹೇಳಾಕ ಲಗೂ ಕಲ್ತಿ ನೋಡು."

ನಿಂತಿದ್ದವರೂ ನಕ್ಕರು. ಅವರಲ್ಲಿ ಇಬ್ಬರ ಮೋಟಾರನ್ನು ನಾನು ಹಿಂದಿನ ವಾರವಷ್ಟೇ ಸರಿ ಮಾಡಿಕೊಟ್ಟಿದ್ದೆ.

ಕಾಕಾ ಪಂಪ್‌ಹೌಸಿನ ಕೀಲಿಕೈ ತೆಗೆದು ಅಧ್ಯಕ್ಷರ ಕೈಗೆ ಕೊಟ್ಟರು. ಚಪ್ಪಲಿ ಮೆಟ್ಟಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನೋಡಿದರು.

"ಫ್ಯೂಸ್ ನಿನ್ನ ಕಿಸೇದಾಗೇ ಅದ. ಹಾಕು. ಮಂದಿ ಹೊಲಕ್ಕ ನೀರು ಹೋಗ್ಲಿ."