ಒಲೆ ಕಂಡ ತೊಟ್ಟಿಲು

ಬೀದಿಯವರು ನಮ್ಮ ಭಾವನಿಗೆ ಮೂಸಪ್ಪ ಎಂದು ಹೆಸರಿಟ್ಟಿದ್ದಾರೆ. ಮರದ ಸಾಮಾನು ಯಾವುದೇ ಕಂಡರೂ ಮೊದಲು ಮೂಸಿ ನೋಡುವುದು ಅವರ ಚಾಳಿ. ಕೆಲಸವೇ ಅಂಥದ್ದು. ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಹಳೆಯ ಕಂಬ, ಬೇಲಿಗೂಟಗಳೆಲ್ಲ ಅವರ ಕಾರ್ಖಾನೆಗೆ ಬರುತ್ತವೆ. ಅವನ್ನು ಗಾಳಿಯಾಡದ ದೊಡ್ಡ ಒಲೆಯೊಳಗಿಟ್ಟು, ಉರಿ ತಗುಲದಂತೆ ಹದವಾಗಿ ಕಾಯಿಸುತ್ತಾರೆ. ಮರ ಕುಡಿದಿದ್ದ ವಿಷ ಆವಿಯಾಗಿ ಕೊಳವೆ ಹಿಡಿದು, ತಣ್ಣನೆಯ ಪೀಪಾಯಿಗೆ ಎಣ್ಣೆಯಾಗಿ ಇಳಿಯುತ್ತದೆ. ಉಳಿದ ಮರ ಪುಡಿಯಾಗಿ ಹೊಸ ಹಲಗೆಗೆ ಸೇರುತ್ತದೆ. ಒಲೆಯ ಉಸ್ತುವಾರಿ ಭಾವನದು.

ಒಮ್ಮೆ ನನ್ನ ಪುಸ್ತಕದ ಕಪಾಟನ್ನೂ ಮೂಸಿದರು. “ಮರ ಚೊಕ್ಕವಾಗಿದೆ ಕಣಪ್ಪ. ಒಳಗೆ ನೀನು ಬರೆದಿರೋದಿದೆಯಲ್ಲ, ಅದನ್ನ ಬೇಕಾದ್ರೆ ಒಂದು ಸುತ್ತು ಕಾಯಿಸ್ಬೋದು” ಎಂದರು. ನಾನು ನಕ್ಕೆ. ಅಕ್ಕ ನನಗಿಂತ ಹೆಚ್ಚು ನಕ್ಕಳು.

ಮೊನ್ನೆ ಅವರ ಮಗಳು ಮೊದಲ ಬಾರಿಗೆ ಕೂಸನ್ನೆತ್ತಿಕೊಂಡು ಬರುವವಳಿದ್ದಳು. ಅಕ್ಕ ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿದಳು. ಅಕ್ಕ, ನಾನು, ಆಮೇಲೆ ಈ ಮಗಳು ಮಲಗಿದ ತೊಟ್ಟಿಲು. ಮೊಮ್ಮಗಳೂ ಅದರಲ್ಲೇ ಮಲಗಬೇಕೆಂಬುದು ಅವಳ ಆಸೆ. ಭಾವ ಬಗ್ಗಿ ಮೂಸಿ ಮುಖ ಕಿವುಚಿದರು.

“ಇದಕ್ಕೆ ಗೆದ್ದಲೆಣ್ಣೆ ಬಳಿದಿದ್ದಾರೆ.”

“ನಾವೆಲ್ಲ ಇದರಲ್ಲೇ ಮಲಗಿ ಬೆಳೀಲಿಲ್ವೇನ್ರೀ?”

ಭಾವ ನನ್ನತ್ತ ನೋಡಿ, “ಅದೇ ಭಯ” ಎಂದರು.

ಮರುದಿನವೇ ತೊಟ್ಟಿಲು ಕಾರ್ಖಾನೆ ಸೇರಿತು. ಒಂದು ತುದಿ ಹೊತ್ತವನು ನಾನೇ. ಅದು ಹಿಂತಿರುಗಿದ್ದು ಗೋಣಿಚೀಲದಲ್ಲಿ. ವಿಷ ಹೋಗಿತ್ತು, ಜೊತೆಗೆ ಅಂಟೂ ಹೋಗಿತ್ತು. ಅಲ್ಲಿಗೆ ಬರುವುದೆಲ್ಲ ಮುರಿದೇ ಬರುವುದರಿಂದ, ಕೀಲು ಬಿಟ್ಟೀತೆಂದು ಯಾರಿಗೂ ಹೊಳೆದಿರಲಿಲ್ಲ. ಭಾವ ತೊಟ್ಟಿಲಿನ ಒಂದು ಕಾಲನ್ನು ಅಕ್ಕನ ಮುಂದೆ ಹಿಡಿದು, “ನೋಡು, ಒಂಚೂರೂ ವಾಸನೆ ಇಲ್ಲ” ಎಂದರು.

“ತೊಟ್ಟಿಲೂ ಇಲ್ಲ” ಎಂದಳು ಅಕ್ಕ.

ಬಡಗಿ ಬಂದು ತುಂಡೊಂದನ್ನು ಒತ್ತಿದ. ಅಂಚು ಬಿಸ್ಕತ್ತಿನಂತೆ ಮುರಿಯಿತು. “ಮೊಳೆ ತಡೆಯಲ್ಲ ಸ್ವಾಮಿ, ಹೊಸ ಮರದಲ್ಲೇ ಮಾಡ್ಬೇಕು” ಎಂದು ಅಳತೆ ತೆಗೆದುಕೊಂಡು ಹೋದ. ಅಕ್ಕ ಒಳಕೋಣೆ ಸೇರಿದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಭಾವ ಬಾಗಿಲ ಬಳಿ ನಿಂತು ಎರಡು ಸಲ ಕೆಮ್ಮಿದರು, ಅಷ್ಟೇ.

ಮಗಳು ಬಂದಳು. ಅಕ್ಕ ಕೂಸನ್ನು ತಂದು ಭಾವನ ತೋಳಿಗೆ ಹಾಕಿದಳು. “ಹೊಸದು ಬರೋವರೆಗೂ ನೀವೇ ತೊಟ್ಟಿಲು. ತೂಗ್ತಾ ಇರಿ, ನಿಲ್ಲಿಸಿದ್ರೆ ನೋಡಿ!”

ಭಾವ ತೂಗತೊಡಗಿದರು. ಕೂಸು ಅವರ ಅಂಗಿಯ ಗುಂಡಿ ಹಿಡಿದುಕೊಂಡು ನಿದ್ದೆಹೋಯಿತು. ಇನ್ನೂ ಮುಖ ಬಿಗಿದುಕೊಂಡೇ ಇದ್ದ ಅಕ್ಕ, ದಿಂಬೊಂದನ್ನು ತಂದು ಅವರ ಬೆನ್ನಿಗೆ ಕೊಟ್ಟಳು.

“ಭಾವ, ಬೇಗ ಮಾಡು ಅಂತ ಬಡಗಿಗೆ ಹೇಳಿ ಬರ್ಲಾ?” ಎಂದು ಪಿಸುಗುಟ್ಟಿದೆ.

“ಬಾಯ್ಮುಚ್ಚಪ್ಪ” ಎಂದರು ಮೆಲ್ಲಗೆ. “ಪಾಪ, ಅವನಿಗೂ ಬೇರೆ ಕೆಲಸ ಇರುತ್ತೆ.”