ಮಾದಪ್ಪನ ಪಾಲಾದ ಕೂದಲು

ಹೋದ ತಿಂಗಳು ಅಕ್ಕನ ಮಗಳ ಮದುವೆ ಇತ್ತು. ತಾಳವಾಡಿಯ ಮಂಟಪದಲ್ಲಿ ಮದುಮಗಳ ಕೋಣೆಗೆ ಹೂವಿನ ಬುಟ್ಟಿ ಕೊಡಲು ಹೋದೆ. ಅಲಂಕಾರಕ್ಕೆ ಬಂದಿದ್ದ ಹೆಂಗಸು ಉದ್ದನೆಯ ಡಬ್ಬಿ ಹಿಡಿದು ಅವಳ ತಲೆಗೆ ಹೇರ್ ಸ್ಪ್ರೇ ಹೊಡೆಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅದರ ಹಿಂದೆಯೇ ಎಲೆಕೋಸಿನ ಮೂಟೆಗಳ ವಾಸನೆಯೂ ಬಂದಂತಾಯಿತು. ಮದುಮಗಳ ಕೋಣೆಯಲ್ಲಿ ಕೋಸು ಎಲ್ಲಿಂದ ಬರಬೇಕು? ಆದರೆ ನನ್ನ ಮಟ್ಟಿಗೆ ಆ ಎರಡು ವಾಸನೆಗಳು ಎಂದೂ ಬೇರೆಬೇರೆಯಾಗಿಲ್ಲ. ಎರಡೂ ನಮ್ಮ ಭಾವನವು…

ಭಾವ ಎಂದರೆ ಅಕ್ಕನ ಗಂಡ, ಈ ಮದುಮಗಳ ಅಪ್ಪ. ನಮ್ಮ ಕಡೆಯ ಕೋಸು, ಬೆಳ್ಳುಳ್ಳಿಯನ್ನು ಟೆಂಪೋದಲ್ಲಿ ತುಂಬಿಕೊಂಡು ಒಮ್ಮೆ ಮೈಸೂರಿಗೆ, ಒಮ್ಮೆ ಹಾಸನೂರಿನ ಮೇಲೆ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗುತ್ತಿದ್ದರು. ಅದಕ್ಕೂ ಮೊದಲು ಊಟಿಯ ಒಂದು ದೊಡ್ಡ ಶಾಲೆಯಲ್ಲಿ ವ್ಯಾನ್ ಓಡಿಸುತ್ತಿದ್ದರು. ಅಲ್ಲಿ ಹಾಸ್ಟೆಲ್ ಹುಡುಗರು ಸೀಟಿನ ಕೆಳಗೆ ಬಿಟ್ಟುಹೋದ ಒಂದು ಕ್ಯಾಸೆಟ್ಟಿನಿಂದ ಅವರಿಗೆ ಆ ಹುಚ್ಚು ಹತ್ತಿತು. ಅದಕ್ಕೆ ಗ್ಲಾಮ್ ಮೆಟಲ್ ಎನ್ನುತ್ತಾರೆಂದು ಆ ಹುಡುಗರೇ ಹೇಳಿಕೊಟ್ಟರಂತೆ. ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಗಂಡಸರೆಲ್ಲ ಸೊಂಟದವರೆಗೆ ಕೂದಲು ಬಿಟ್ಟು, ಅದನ್ನು ಉಬ್ಬಿಸಿ ನಿಲ್ಲಿಸಿ, ಕಣ್ಣಿಗೆ ಕಪ್ಪು ತುಟಿಗೆ ಬಣ್ಣ ಹಚ್ಚಿ, ಮಿರಮಿರ ಹೊಳೆಯುವ ಬಿಗಿ ಪ್ಯಾಂಟು ಹಾಕಿಕೊಂಡು ಗಿಟಾರು ಹಿಡಿದಿದ್ದರು. ನಮ್ಮಪ್ಪ ಒಮ್ಮೆ ಟೆಂಪೋದಲ್ಲಿ ಆ ಚಿತ್ರ ನೋಡಿ, ಹೆಂಗಸರ ಪಟ ಇಟ್ಟುಕೊಂಡು ಊರೂರು ತಿರುಗುತ್ತಾನಲ್ಲ ಎಂದು ಸಿಡುಕಿದರು. ಪಟದಲ್ಲಿದ್ದವರು ಗಂಡಸರು ಎಂದು ತಿಳಿದ ಮೇಲೆ ಅವರ ಸಿಟ್ಟು ಇನ್ನಷ್ಟು ಹೆಚ್ಚಿತು.

ಭಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಡಿನ ಮಾತುಗಳನ್ನು ತಮಗೆ ತೋಚಿದಂತೆ ಕೂಗಿಕೊಂಡು ಗೇರು ಬದಲಿಸುತ್ತಿದ್ದರು. ಹಾಡಿಗಿಂತಲೂ ಅವರಿಗೆ ಹೆಚ್ಚು ಪ್ರೀತಿ ಇದ್ದದ್ದು ಒಂದು ‘ಲೈವ್’ ಕ್ಯಾಸೆಟ್ಟಿನ ಮೇಲೆ. ಅದರಲ್ಲಿ ಹಾಡು ಶುರುವಾಗುವ ಮೊದಲು ಸಾವಿರಾರು ಜನ ಒಟ್ಟಿಗೆ ಕೂಗುವ ಸದ್ದು ಇತ್ತು. ಆ ಜಾಗ ಬಂದಾಗ ಟೆಂಪೋ ನಿಧಾನ ಮಾಡಿ, ಜನರ ಕೂಗು ಕೇಳು ಎಂದು ನನ್ನ ತೊಡೆ ತಟ್ಟುತ್ತಿದ್ದರು. ಗುಮಟಾಪುರದಲ್ಲಿ ದೀಪಾವಳಿ ಮಾರನೆಯ ದಿನ ಸಗಣಿ ಎರಚಾಡುವಾಗ ಯಾರು ಗೌಡ ಯಾರು ಆಳು ಎಂದು ತಿಳಿಯುವುದಿಲ್ಲವಲ್ಲ, ಕನ್ಸರ್ಟ್ ಎಂದರೂ ಹಾಗೆಯೇ ಇರುತ್ತದಂತೆ ಎನ್ನುತ್ತಿದ್ದರು. ಜೀವಮಾನದಲ್ಲಿ ಒಂದು ಸಲ, ಆ ಕೂಗಿನ ನಡುವೆ ನಿಂತು, ಕೂದಲು ಬಿಚ್ಚಿ ತಲೆ ಒದರಬೇಕು. ಅವರಿಗಿದ್ದ ಆಸೆ ಅದೊಂದೇ. ಅದಕ್ಕಾಗಿಯೇ ಕೂದಲು ಬಿಟ್ಟಿದ್ದರು.

ಕೂದಲು ಎಂದರೆ ಅಂಥಿಂಥ ಕೂದಲಲ್ಲ. ಗಂಟು ಕಟ್ಟಿ ಟವೆಲ್ ಸುತ್ತಿಕೊಂಡರೆ ತಲೆಯ ಮೇಲೆ ಒಂದು ಚಿಕ್ಕ ಕೋಸು ಇಟ್ಟಹಾಗೆ ಕಾಣುತ್ತಿತ್ತು. ಮೈಸೂರಿನಿಂದ ಒಂದು ಸ್ಪ್ರೇ ಡಬ್ಬಿ ತಂದಿದ್ದರು. ಮೂಟೆಗಳ ಮರೆಯಲ್ಲಿ ನಿಂತು ಒಂದಿಷ್ಟು ಹೊಡೆದುಕೊಂಡು ನನಗೆ ತೋರಿಸಿ, ಕನ್ಸರ್ಟ್ ದಿನಕ್ಕೆ ಇರಲಿ ಎಂದು ಡಬ್ಬಿಯನ್ನು ಮತ್ತೆ ಸೀಟಿನ ಕೆಳಗೆ ತಳ್ಳಿದ್ದರು.

ಅಕ್ಕನಿಗೆ ಅವರ ಮೇಲೆ ಮನಸ್ಸಾಗಿತ್ತು. ಅಪ್ಪ ಮಾತ್ರ, ಹೆಂಗಸರ ಹಾಗೆ ಕೂದಲು ಬಿಟ್ಟವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದು ಕೂತರು. ಅಕ್ಕ ಊಟ ಬಿಟ್ಟಳು. ಮನೆಯಲ್ಲಿ ಯಾರೂ ಯಾರ ಮುಖ ನೋಡದಂತಾಯಿತು. ಆಗ ನಾನು ಬಾಯಿ ಹಾಕಿದೆ. ಅದು ಶೋಕಿ ಕೂದಲಲ್ಲ ಅಪ್ಪಾ, ಮಾದಪ್ಪನ ಹರಕೆ ಮುಡಿ, ಮದುವೆಯಾಗಿ ಮೊದಲ ಕೂಸು ಹುಟ್ಟಿದ ಮೇಲೆ ಬೆಟ್ಟಕ್ಕೆ ಹೋಗಿ ಕೊಡುತ್ತೇನೆಂದು ಹೊತ್ತಿದ್ದಾರೆ, ನನ್ನ ಎದುರಿಗೇ ಹೇಳಿದ್ದರು ಅಂದುಬಿಟ್ಟೆ. ನಮ್ಮ ಕಡೆ ಗಂಡಸಿನ ತಲೆಯಲ್ಲಿ ಉದ್ದ ಕೂದಲು ಇದ್ದರೆ ಅದಕ್ಕೆ ಒಪ್ಪುವಂಥ ಕಾರಣ ಅದೊಂದೇ. ನನಗೆ ತೋಚಿದ ಗಡುವುಗಳಲ್ಲೆಲ್ಲ ದೂರದ್ದನ್ನೇ ಆರಿಸಿ ಹೇಳಿದ್ದೆ. ಬುದ್ಧಿವಂತಿಕೆ ಮಾಡಿದೆ ಎಂದೇ ಆಗ ಹಿಗ್ಗಿದ್ದೆ.

ಅಪ್ಪ ಅಲ್ಲಿಗೆ ತಣ್ಣಗಾದರು. ಮದುವೆಯೂ ಆಯಿತು. ಭಾವನಿಗೆ ವಿಷಯ ತಿಳಿಸಿದಾಗ ಅವರು ಸ್ಟೀರಿಂಗ್ ಮೇಲೆ ತಲೆಯಿಟ್ಟು ನಕ್ಕರು. ಆಮೇಲೆ ಊರಿಗೆ ಊರೇ ಆ ಕೂದಲಿಗೆ ಮರ್ಯಾದೆ ಕೊಡತೊಡಗಿತು. ಪೋಕರಿ ಎನ್ನುತ್ತಿದ್ದವರೇ ಕೈ ಮುಗಿದರು, ಮುದುಕಿಯರು ಮಕ್ಕಳನ್ನು ತಂದು ಅವರ ಕೈಯಲ್ಲಿ ಹಣೆ ಮುಟ್ಟಿಸಿಕೊಂಡು ಹೋದರು. ಭಾವ ಟೆಂಪೋ ಹತ್ತಿ, ಕಿಟಕಿ ಏರಿಸಿ, ಗಿಟಾರಿನ ಕ್ಯಾಸೆಟ್ ಹಾಕಿಕೊಂಡು ಹೊರಡುತ್ತಿದ್ದರು. ಅದು ಹರಕೆಯಲ್ಲ ಎಂದು ಅಕ್ಕನಿಗೂ ಹೇಳದೆ ನಾವಿಬ್ಬರೂ ಖುಷಿಯಾಗಿದ್ದೆವು.

ಕೆಲವು ವರ್ಷಕ್ಕೆ ಕೂಸು ಹುಟ್ಟಿತು. ಕೂಸು ತಲೆ ಎತ್ತಿ ನೋಡುವಷ್ಟಾದಾಗ, ಅವ್ವ ಒಂದು ಅಮಾವಾಸ್ಯೆ ಗೊತ್ತು ಮಾಡಿ ಬೆಟ್ಟಕ್ಕೆ ಹೊರಡುವ ಏರ್ಪಾಡು ಶುರುಮಾಡಿದಳು. ಅದೇ ವಾರ ಭಾವ ಮೈಸೂರಿನಿಂದ ಹಾರಿಕೊಂಡು ಬಂದಹಾಗೆ ಬಂದರು. ಆ ‘ಲೈವ್’ ಕ್ಯಾಸೆಟ್ಟಿನ ಬ್ಯಾಂಡು ಬೆಂಗಳೂರಿಗೆ ಬರುತ್ತಿತ್ತು. ಕ್ಯಾಸೆಟ್ ಅಂಗಡಿಯವರು ಟಿಕೆಟ್ಟನ್ನೂ ತರಿಸಿಕೊಟ್ಟಿದ್ದರು. ಆ ಬ್ಯಾಂಡಿನವರಿಗೂ ಅಷ್ಟು ಹೊತ್ತಿಗೆ ವಯಸ್ಸಾಗಿತ್ತು, ತಮ್ಮ ದೇಶದಲ್ಲಿ ಕೇಳುವವರು ಕಡಿಮೆಯಾದ ಮೇಲೆ ನಮ್ಮ ಕಡೆ ಹೊರಟಿದ್ದರೋ ಏನೋ. ಭಾವನಿಗೆ ಅದೆಲ್ಲ ಬೇಕಿರಲಿಲ್ಲ. ಟಿಕೆಟ್ಟಿನ ಮೇಲಿದ್ದ ದಿನ ನೋಡಿದೆ. ಅದೇ ಅಮಾವಾಸ್ಯೆ.

ಭಾವ ನನ್ನನ್ನು ಟೆಂಪೋದ ಹಿಂದಕ್ಕೆ ಕರೆದುಕೊಂಡು ಹೋದರು. ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

“ನೀನೇ ಕಟ್ದ ಗಂಟು ಕಣ್ಲಾ, ನೀನೇ ಒಸಿ ಸಡ್ಲ ಮಾಡು. ಕೊಡಕಿಲ್ಲ ಅಂತಿಲ್ಲ ನಾನು. ಮುಂದ್ಲ ಅಮಾಸೆಗೆ ಕೊಡ್ತಿನಿ ಅಂತ ಅತ್ತೆಗೆ ಏಳ್ಬುಡು. ನಾ ಏಳುದ್ರೆ ಮನಸಿಲ್ಲ ಅನ್ಕತರೆ.”

ಹೇಳುತ್ತೇನೆ ಅಂದೆ. ಮಾರನೆಯ ಬೆಳಿಗ್ಗೆ ಹೋದಾಗ ಅವ್ವ ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಬೆಟ್ಟಕ್ಕೆ ಮುಂದಿನ ಅಮಾವಾಸ್ಯೆಗೆ ಹೋದರೆ ಆಗದೇ ಎಂದು ಕೇಳಿದೆ. ಅವ್ವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

“ಯಾಕ್ಲಾ? ಕೂಸು ಎಲ್ಡು ದಿನದಿಂದ ಕೆಮ್ತಾ ಅದೆ. ಮಾದಪ್ಪನ್ ಮುಡಿಯ ತಲೆ ಮ್ಯಾಲೇ ಮಡಿಕಂಡು ಮುಂದ್ಕಾಕಾದ?”

ಟೆಂಪೋ ರಿಪೇರಿಗೆ ಬಂದಿದೆ ಎನ್ನಬಹುದಿತ್ತು. ಲೋಡು ಒಪ್ಪಿಕೊಂಡಿದ್ದಾರೆ ಎನ್ನಬಹುದಿತ್ತು. ಬೇಡದಾಗ ಅಷ್ಟು ಚೆಂದದ ಸುಳ್ಳು ಹೊಸೆದ ಬಾಯಿಗೆ ಅಂದು ಒಂದು ಸಣ್ಣ ಸುಳ್ಳೂ ಬರಲಿಲ್ಲ. ನಿಜ ಹೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಆ ಕೆಮ್ಮು ಕೇಳಿ ನನಗೇ ಹೆದರಿಕೆಯಾಯಿತು. ಮಾದಪ್ಪನ ಹೆಸರಿನಲ್ಲಿ ಸುಳ್ಳು ಹೇಳಿದವನು ನಾನು. ಕೂಸಿಗೆ ಏನಾದರೂ ಆದರೆ… ಏನೂ ಇಲ್ಲ ಅವ್ವ ಸುಮ್ಮನೆ ಕೇಳಿದೆ ಅಂದು ಎದ್ದು ಬಂದೆ. ಬಂದು ಭಾವನಿಗೆ, ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ ಅಂದೆ. ನಾನು ಎಷ್ಟೂ ಹೇಳಿರಲಿಲ್ಲ. ಅವರು ನನ್ನನ್ನು ಒಂದು ಕ್ಷಣ ನೋಡಿ, “ಆಗ್ಲಿ ಬುಡ್ಲಾ” ಎಂದರು. ಅವರಿಗೆ ತಿಳಿದಿತ್ತು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಅಮಾವಾಸ್ಯೆಯ ದಿನ ಹೆಂಗಸರು ಕೂಸನ್ನು ಕರೆದುಕೊಂಡು ಜೀಪಿನಲ್ಲಿ ಮುಂದೆ ಹೋದರು. ಅಡುಗೆ ಪಾತ್ರೆ, ಅಕ್ಕಿ, ಸೌದೆ ತುಂಬಿಕೊಂಡು ಭಾವ ಮತ್ತು ನಾನು ಟೆಂಪೋದಲ್ಲಿ ಹಿಂದೆ ಹೊರಟೆವು. ಕೌದಳ್ಳಿ ದಾಟಿ ಕಾಡು ಶುರುವಾದ ಮೇಲೆ ಭಾವ ಗಾಡಿಯನ್ನು ಪಕ್ಕಕ್ಕೆ ಹಾಕಿದರು. ಎರಡೂ ಬಾಗಿಲು ತೆರೆದು, ಆ ಕ್ಯಾಸೆಟ್ ಹಾಕಿ, ಸದ್ದನ್ನು ಎಷ್ಟು ಏರುತ್ತದೋ ಅಷ್ಟೂ ಏರಿಸಿದರು. ಟವೆಲ್ ತೆಗೆದು ಗಂಟು ಬಿಚ್ಚಿದರು. ಸೀಟಿನ ಕೆಳಗಿದ್ದ ಡಬ್ಬಿ ಎಳೆದು ಖಾಲಿಯಾಗುವವರೆಗೂ ಹೊಡೆದುಕೊಂಡರು. ಇವತ್ತು ಸಂಜೆ ಬೆಂಗಳೂರಲ್ಲಿ ಇದೇ ಹಾಡು ಹಾಡುತ್ತಾರೆ ಎಂದು ನನಗೆ ಹೇಳಿ ರಸ್ತೆಗೆ ಇಳಿದರು.

ಅವರು ಬಯಲಿನಲ್ಲಿ ಕೂದಲು ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಲು ಅಗಲಿಸಿ ನಿಂತು, ಸೊಂಟ ಬಗ್ಗಿಸಿ, ಹಿಂದಕ್ಕೂ ಮುಂದಕ್ಕೂ ತಲೆ ಒದರಿದರು. ಕೂದಲು ಆಕಾಶಕ್ಕೆ ಎದ್ದು ನೆಲಕ್ಕೆ ಬಡಿಯುತ್ತಿತ್ತು. ಮೈಯೆಲ್ಲ ಧೂಳು, ಬೆವರು. ಅಷ್ಟರಲ್ಲಿ ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ಪರಸೆಯ ಗುಂಪೊಂದು ತಿರುವಿನಲ್ಲಿ ಕಾಣಿಸಿತು. ಅವರು ಅಲ್ಲೇ ನಿಂತರು. ಹರಕೆ ಮುಡಿ ಬಿಚ್ಚಿ ಹಾಗೆ ತಲೆ ಆಡಿಸುವುದನ್ನು ಕಂಡವರಿಗೆ, ಮೈಮೇಲೆ ದೇವರು ಬಂದಿದೆ ಎಂದಲ್ಲದೆ ಇನ್ನೇನು ಅನ್ನಿಸೀತು? ಕ್ಯಾಸೆಟ್ಟಿನ ಕಿರುಚಾಟ ಯಾವ ವಾದ್ಯದ್ದೆಂದು ಅವರು ತಿಳಿದರೋ ಕಾಣೆ. ಒಬ್ಬ ಕೈಯೆತ್ತಿ “ಉಘೇ ಮಾದಪ್ಪ” ಅಂದ. ಉಳಿದವರೆಲ್ಲ ಸೇರಿ “ಉಘೇ ಉಘೇ” ಎಂದು ಕೂಗಿದರು. ಕ್ಯಾಸೆಟ್ಟಿನೊಳಗಿನ ಜನರೂ ಕೂಗಿದರು. ಭಾವ ಆ ಕೂಗು ಕೇಳಿ ಇನ್ನೂ ಜೋರಾಗಿ ತಲೆ ಒದರಿದರು…

ಹಾಡು ಮುಗಿದಾಗ ಒಬ್ಬ ಮುದುಕಿ ಹತ್ತಿರ ಬಂದು, ಮನೆ ಬಿಟ್ಟುಹೋದ ಮಗ ಬರುತ್ತಾನೆಯೇ ಎಂದು ಕೈ ಮುಗಿದು ಕೇಳಿದಳು. ಭಾವ ಏದುಸಿರು ಬಿಡುತ್ತಾ ಅವಳ ಕೈ ಹಿಡಿದುಕೊಂಡು, ಬರುತ್ತಾನೆ ಹೋಗವ್ವ ಎಂದರು. ಗುಂಪು ಮುಂದೆ ಹೋದ ಮೇಲೆ ಗಂಟು ಕಟ್ಟಿ ಸೀಟಿಗೆ ಬಂದು ಕೂತು ನನ್ನ ಕಡೆ ತಿರುಗಿದರು. ಮುಖ ಅರಳಿತ್ತು.

“ಜನ ಬಂದ್ರು ನೋಡ್ಲಾ.”

ನನಗೆ ನಗು ಬರಲಿಲ್ಲ. ಖಾಲಿ ಡಬ್ಬಿಯನ್ನು ಮತ್ತೆ ಸೀಟಿನ ಕೆಳಗೆ ತಳ್ಳಿದೆ.

ಬೆಟ್ಟದ ಮೇಲೆ ಕ್ಷೌರಿಕ ಕೂದಲನ್ನು ನೀರಿನಲ್ಲಿ ನೆನೆಸಲು ಒದ್ದಾಡಿದ. ಗೋಂದು ಮೆತ್ತಿದ ಹಾಗಿದೆಯಲ್ಲ ಇದೇನು ಸ್ವಾಮಿ ಎಂದು ಕೇಳಿದ. ಬೆಟ್ಟದ ಧೂಳಿಗೆ ಹಾಗಾಗಿದೆ ಅಂತ ನಾನೇ ಉತ್ತರ ಕೊಟ್ಟೆ. ಅದಕ್ಕೆ ಮಾತ್ರ ಸುಳ್ಳು ಸಲೀಸಾಗಿ ಬಂತು. ಭಾವ ಕಣ್ಣು ಮುಚ್ಚಿ ಕೂತಿದ್ದರು. ಮೊದಲ ಹಿಡಿ ತೊಡೆಯ ಮೇಲೆ ಬಿದ್ದಾಗ ಒಮ್ಮೆ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು. ಅವ್ವ ಸಂತೋಷಕ್ಕೆ ಅಳುತ್ತಿದ್ದಳು. ಅಲ್ಲಿದ್ದ ಫೋಟೋದವನು ನುಣ್ಣನೆಯ ತಲೆಗೆ ಗಂಧ ಮೆತ್ತಿಕೊಂಡ ಭಾವನನ್ನು ಕೂಸಿನ ಜೊತೆ ನಿಲ್ಲಿಸಿ ಒಂದು ಫೋಟೋ ತೆಗೆದ. ಕೂಸಿನ ಕೆಮ್ಮು ಆ ವಾರವೇ ನಿಂತಿತು. ನಿಲ್ಲಬೇಕಾದ ಕೆಮ್ಮೇ ಅದು.

ಮತ್ತೆ ಕೂದಲು ಬಿಡಿ ಭಾವ, ಆ ಬ್ಯಾಂಡು ಅಲ್ಲದಿದ್ದರೆ ಇನ್ನೊಂದು ಬರುತ್ತದೆ ಎಂದು ಕೆಲವು ತಿಂಗಳ ಮೇಲೆ ಅಂದೆ. ಅವರು ಕೋಸಿನ ಮೂಟೆ ಬಿಗಿಯುತ್ತಿದ್ದವರು ಹಗ್ಗ ಹಿಡಿದುಕೊಂಡೇ ಹೇಳಿದರು.

“ಯಾತರ್ ಅರಕೆ ಅಂತ ಕೇಳ್ತರೆ ಕಣ್ಲಾ. ಇನ್ನೊಂದ್ ಸುಳ್ಳ ಎಲ್ಲಿಂದ ತರನ?”

ಬೈದು ಹೇಳಿದ್ದಲ್ಲ, ನಗುತ್ತಲೇ ಹೇಳಿದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹರಕೆ ತೀರಿಸಿದವರು ಎಂದು ಊರಿನವರು ಅವರನ್ನು ಭಜನೆಗೆ ಕರೆದರು, ಬೆಟ್ಟಕ್ಕೆ ಹೋಗುವ ಗುಂಪುಗಳಿಗೆ ಮುಂದಾಳು ಮಾಡಿದರು. ಅವರು ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಟೆಂಪೋದಲ್ಲಿ ಅವ್ವ ಕೊಟ್ಟ ಮಾದಪ್ಪನ ಪದಗಳ ಕ್ಯಾಸೆಟ್ಟುಗಳು ಬಂದು ಕೂತವು. ಗಿಟಾರಿನ ಕ್ಯಾಸೆಟ್ಟುಗಳನ್ನು ಯಾವತ್ತು ತೆಗೆದರೋ, ಎಲ್ಲಿ ಇಟ್ಟರೋ, ನಾನು ಕೇಳಲಿಲ್ಲ. ಕೇಳಲು ಮುಖ ಇರಲಿಲ್ಲ. ಮಗಳು ಬೆಳೆದದ್ದು ಆ ನುಣ್ಣನೆಯ ತಲೆಯ, ಹಣೆತುಂಬ ವಿಭೂತಿಯ, ಮೆಲ್ಲಗೆ ಮಾತಾಡುವ ಅಪ್ಪನ ಕೈಯಲ್ಲಿ. ಕೆಲವು ವರ್ಷಗಳ ಹಿಂದೆ, ಎದೆ ಹಿಡಿದುಕೊಂಡಂತಾಗಿದೆ ಎಂದವರನ್ನು ಮೈಸೂರಿನ ಆಸ್ಪತ್ರೆಗೆ ಮುಟ್ಟಿಸಲು ನಮ್ಮಿಂದ ಆಗಲಿಲ್ಲ…

ಕೋಣೆಯಲ್ಲಿ ಅಲಂಕಾರ ಮುಗಿದಿತ್ತು. ಹೊರಗೆ ಮಂಟಪದಲ್ಲಿ ಜನ ತುಂಬಿದ್ದರೂ ಹಾಡಿನ ಸದ್ದೇ ಇರಲಿಲ್ಲ. ಓಲಗದವರು ಮುಹೂರ್ತಕ್ಕೆ ಮಾತ್ರ ಊದುವವರಂತೆ ಸುಮ್ಮನೆ ಕೂತಿದ್ದರು. ಮದುವೆಮನೆ ಇಷ್ಟು ಸಪ್ಪಗಿದೆಯಲ್ಲ, ಗಂಡಿನ ಕಡೆಯವರು ಹಾಡು ಗೀಡು ಏನೂ ಇಟ್ಟಿಲ್ಲವೇ ಎಂದು ಮಾತಿಗೆ ಕೇಳಿದೆ. ಮದುಮಗಳು ಸೀರೆಯ ನೆರಿಗೆ ಸರಿಮಾಡಿಕೊಂಡು ನನ್ನ ಕಡೆ ನೋಡಿದಳು.

“ಮೈಸೂರಿಂದ ಆರ್ಕೆಸ್ಟ್ರಾ ಕರ್ಸ್ತಿವಿ ಅಂದಿದ್ರು ಮಾವ. ನಾನೇ ಬ್ಯಾಡ ಅಂದ್ಬುಟ್ಟಿ. ನಾನುಟ್ಟಕ್ಕೂ ಮುಂಚ್ಲಿಂದ ನಂಗೋಸ್ಕರ ಮುಡಿ ಒತ್ತಿದ್ದ ಅಪ್ಪ. ಅಂತೋರ್ ಮಗಳ ಮದುವೇಲಿ ಆ ಗದ್ಲ ಯಾಕೆ? ಅಪ್ಪನ್ಗೆ ಅದೆಲ್ಲ ಆಗ್ತಿರ್ನಿಲ್ಲ, ಅಲ್ವ ಮಾವ?”

ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಕೋಣೆಯಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಪ್ರೀತಿಯಿಂದಲೇ ಆ ಹುಡುಗಿ ತನ್ನ ಅಪ್ಪನ ಬಾಯಿ ಕಟ್ಟಿದ್ದಳು. ಅವಳ ತಪ್ಪೇನಿಲ್ಲ, ಅವಳಿಗೆ ಆ ಅಪ್ಪನನ್ನು ಮಾಡಿಕೊಟ್ಟವನು ನಾನು. ರಸ್ತೆಯ ನಡುವೆ ಕೂದಲು ಬಿಚ್ಚಿ ನಿಂತ ಮನುಷ್ಯ ಹೇಗಿದ್ದನೆಂದು ಹೇಳಲು ಈಗ ನಾನಲ್ಲದೆ ಬೇರೆ ಯಾರೂ ಉಳಿದಿಲ್ಲ.

“ಇಲ್ಲ ಕಣವ್ವ, ಆಗ್ತಿರ್ನಿಲ್ಲ” ಅಂದೆ.